ಮಗು ಮಾತು ಮುಗಿಸಲಿ, ತಡೀರಿ

ನಮಸ್ಕಾರ. ನಾನು ಕಾರವಾರ ಕಡೆಯ ಒಂದು ಪ್ರಾಥಮಿಕ ಶಾಲೆಯ ಟೀಚರ್. ಇವತ್ತಿನ ಮಾತನ್ನು ನಾನೇ ಮಾಡಿದ ಒಂದು ತಪ್ಪಿನಿಂದ ಶುರು ಮಾಡುತ್ತೇನೆ.

ಮೂರನೇ ತರಗತಿ. "ನಿನ್ನೆ ಮನೆಯಲ್ಲಿ ಏನಾಯ್ತು, ಹೇಳಿ" ಅಂದೆ. ಮೀನುಗಾರರ ಮನೆಯ ಹುಡುಗ ಎದ್ದ. ಅವನಿಗೆ ಉಗ್ಗು. "ಬ... ಬ..." ಅಂದ. "ಬಂಗಡೆ ತಂದ್ರು, ಅಲ್ವಾ? ಜಾಣ, ಕೂತ್ಕೋ" ಅಂದುಬಿಟ್ಟೆ. ತಲೆ ಆಡಿಸಿ ಕೂತ. ಮಧ್ಯಾಹ್ನ ಬಿಸಿಯೂಟದ ಸಾಲಿನಲ್ಲಿ ಅದೇ ಹುಡುಗ ಗೆಳೆಯನಿಗೆ ಕೊಂಕಣಿಯಲ್ಲಿ ಕಥೆ ಹೇಳುತ್ತಿದ್ದ. ಬಲೆ ಹರಿದಿತ್ತಂತೆ, ಅಪ್ಪ ರಾತ್ರಿಯೆಲ್ಲ ಕೂತು ಹೊಲಿದರಂತೆ. ಅವನ 'ಬ' ಬಂಗಡೆಯದಲ್ಲ, ಬಲೆಯದು. ಸಹಾಯ ಅಂದುಕೊಂಡು ನಾನು ಅವನ ಮಾತನ್ನೇ ಕಿತ್ತುಕೊಂಡಿದ್ದೆ.

ನಾವು ಟೀಚರುಗಳು ಕಾಯುವುದೇ ಇಲ್ಲ. ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲೇ ಇದನ್ನು ತೋರಿಸಿದ್ದರು. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಕಾಯುವುದು ಸುಮಾರು ಒಂದು ಸೆಕೆಂಡ್. ಅದನ್ನು ಮೂರು ಸೆಕೆಂಡ್ ಮಾಡಿದರೆ ಮಕ್ಕಳ ಉತ್ತರ ಉದ್ದವಾಗುತ್ತದೆ, ಸುಮ್ಮನಿರುವ ಮಕ್ಕಳೂ ಬಾಯಿ ಬಿಡುತ್ತಾರೆ. ಉಗ್ಗುವ ಮಗುವಿಗೆ ಇನ್ನೂ ಜಾಸ್ತಿ ಹೊತ್ತು ಬೇಕು. "ನಿಧಾನ, ಉಸಿರು ತಗೋ" ಅನ್ನುವುದೂ ಬೇಡ. ಮುಖ ನೋಡುತ್ತಾ ಕೇಳಿ, ಸಾಕು.

ಇನ್ನೊಂದು, ಮನೆಮಾತು. ನಮ್ಮ ತರಗತಿಗಳಲ್ಲಿ ಕೊಂಕಣಿ, ಮರಾಠಿ, ಉರ್ದು, ಹಾಲಕ್ಕಿ ಒಕ್ಕಲಿಗ ಸಮುದಾಯದವರ ಕನ್ನಡ ಎಲ್ಲ ಇವೆ. ಅಂಕೋಲೆಯ ಬಡಗೇರಿಯ ಸುಕ್ರಿ ಬೊಮ್ಮಗೌಡ ಅವರು ಹಾಡಿದ್ದು ಹಾಲಕ್ಕಿ ಹಾಡುಗಳನ್ನು. 2017ರಲ್ಲಿ ಅವರಿಗೆ ಪದ್ಮಶ್ರೀ ಬಂದಾಗ ನಾವೆಲ್ಲ ಚಪ್ಪಾಳೆ ತಟ್ಟಿದೆವು. ಅದೇ ಮಾತನ್ನು ಮಗು ತರಗತಿಯಲ್ಲಿ ಆಡಿದರೆ "ಸರಿಯಾಗಿ ಮಾತಾಡು" ಅನ್ನುತ್ತೇವೆ! ನನಗೆ ಇದು ನಿಜಕ್ಕೂ ನೋವಿನ ಸಂಗತಿ. ಮೊದಲು ಮನೆಮಾತಿನಲ್ಲಿ ಪೂರ್ತಿ ಹೇಳಲಿ. ಶಾಲೆಯ ಕನ್ನಡ ಅದರ ಪಕ್ಕದಲ್ಲೇ ಬರುತ್ತದೆ.

ಮಾತು ಬಾಯಿಂದಲೇ ಬರಬೇಕು ಅಂತಲೂ ಇಲ್ಲ. ಕೆಲವು ಮಕ್ಕಳು ಚಿತ್ರದ ಕಾರ್ಡು ತೋರಿಸಿ ಹೇಳುತ್ತಾರೆ, ಕೆಲವರು ಕೈಸನ್ನೆಯಲ್ಲಿ. ಕಾರ್ಡು ಕೊಟ್ಟರೆ ಮಾತು ಕಲಿಯುವುದೇ ಇಲ್ಲ ಎಂದು ಅಪ್ಪ ಅಮ್ಮ ಹೆದರುತ್ತಾರೆ. ಹೆದರಬೇಡಿ, ಕಾರ್ಡು ಮಾತಿಗೆ ಅಡ್ಡ ಬರುವುದಿಲ್ಲ. ಶ್ರವಣಯಂತ್ರ ಹಾಕಿದ ಮಗುವಿಗೆ ನಮ್ಮ ಕರಾವಳಿಯ ಜುಲೈ ತಿಂಗಳು ದೊಡ್ಡ ಕಷ್ಟ. ತಗಡಿನ ಮಾಡಿನ ಮೇಲೆ ಮಳೆ ಹೊಡೆಯುವಾಗ ಯಂತ್ರ ಆ ಸದ್ದನ್ನೂ ಜೋರು ಮಾಡುತ್ತದೆ. ಆ ಹೊತ್ತಿಗೆ ಬೋರ್ಡಿನ ಕಡೆ ತಿರುಗಿ ಪಾಠ ಮಾಡಿದರೆ ಆ ಮಗುವಿಗೆ ಏನು ಉಳಿಯಿತು? ಮಗುವನ್ನು ಹತ್ತಿರ ಕೂರಿಸಿ, ತುಟಿ ಕಾಣುವಂತೆ ನಿಂತು ಹೇಳಬೇಕು.

ಪ್ರತಿಭಾ ಕಾರಂಜಿಗೆ ಪ್ರತಿ ವರ್ಷ ಬಾಯಿಪಾಠದ ಭಾಷಣ ಸಿದ್ಧ ಮಾಡಿಸುತ್ತೇವೆ. ವೇದಿಕೆ ಹತ್ತುವುದು ಅದೇ ಇಬ್ಬರು ಮಕ್ಕಳು. ಆ ತಾಲೀಮಿನ ಅರ್ಧ ಹೊತ್ತನ್ನಾದರೂ ಉಳಿದ ಮಕ್ಕಳ ಮಾತು ಕೇಳುವುದಕ್ಕೆ ಇಡೋಣ.

ಮರುವಾರ ಆ ಹುಡುಗನನ್ನು ಮತ್ತೆ ಕೇಳಿದೆ. ಈ ಸಲ ಬಾಯಿ ಮುಚ್ಚಿಕೊಂಡು ಕಾದೆ. ಅರ್ಧ ಕೊಂಕಣಿ, ಅರ್ಧ ಕನ್ನಡದಲ್ಲಿ ಹರಿದ ಬಲೆಯ ಕಥೆ ಪೂರ್ತಿ ಹೇಳಿದ. ಗಂಟು ಹಾಕುವುದು ಹೇಗೆ ಅಂತ ಬೆರಳಲ್ಲಿ ತೋರಿಸಿದ. ಹಿಂದಿನ ಬೆಂಚಿನವರು ಎದ್ದು ಬಂದು ಸುತ್ತ ನಿಂತುಕೊಂಡರು.