ಒಂದೇ ನೊಗದಡಿ ಇಬ್ಬರು: ಎನ್‌ಎಫ್‌ಎಲ್‌ನ ಅತ್ಯುತ್ತಮ ರನ್ನಿಂಗ್ ಬ್ಯಾಕ್ ಜೋಡಿ ಯಾವುದು?

ನಮಸ್ಕಾರ. ಎನ್‌ಎಫ್‌ಎಲ್ ಅಂದ್ರೆ ಅಮೆರಿಕನ್ ಫುಟ್‌ಬಾಲ್‌ನ ದೊಡ್ಡ ಲೀಗ್; ಅಲ್ಲಿ ಚೆಂಡು ಹಿಡಿದು ಓಡೋ ಆಟಗಾರರೇ ರನ್ನಿಂಗ್ ಬ್ಯಾಕ್. ಇವತ್ತು ಒಂಬತ್ತು ಯಾರ್ಡಿನ ಕಥೆಯಿಂದ ಶುರು ಮಾಡ್ತೀನಿ.

1972. ಮಯಾಮಿ ಡಾಲ್ಫಿನ್ಸ್ ತಂಡ ಸೀಸನ್ನಿನ 14 ಪಂದ್ಯಗಳನ್ನೂ ಗೆದ್ದಿದೆ. ಅವರ ಲ್ಯಾರಿ ಜಾಂಕಾ ಓಡಿದ್ದು 1,117 ಯಾರ್ಡ್. ಜೊತೆಗಾರ ಮರ್ಕ್ಯುರಿ ಮಾರಿಸ್ ಅವರ ಲೆಕ್ಕ 991ಕ್ಕೆ ಬಂದು ನಿಂತುಬಿಟ್ಟಿದೆ. ಆಮೇಲೆ ಲೀಗ್‌ನವರು ಬಫಲೊ ವಿರುದ್ಧದ ಹಳೇ ಪಂದ್ಯದ ಫಿಲ್ಮ್ ತೆಗೆದು ಮತ್ತೆ ನೋಡ್ತಾರೆ. ಆಟ ನಡೆಸೋ ಕ್ವಾರ್ಟರ್‌ಬ್ಯಾಕ್ ಕೊಟ್ಟ ಚೆಂಡು ಮಾರಿಸ್ ಕೈಗೆ ಸರಿಯಾಗಿ ಸೇರದೆ ಜಾರಿಹೋಗಿದ್ದ ಒಂದು ಸಲ, 9 ಯಾರ್ಡ್ ನಷ್ಟವನ್ನ ಮಾರಿಸ್ ಹೆಸರಿಗೆ ಬರೆದಿದ್ರು. ಅದು ಅವರ ಖಾತೆಗೆ ಸೇರಬೇಕಾದ್ದಲ್ಲ ಅಂತ ತೀರ್ಮಾನ ಆಯ್ತು. 991ಕ್ಕೆ 9 ಕೂಡಿ ಸರಿಯಾಗಿ 1,000. ಒಂದೇ ತಂಡದ ಇಬ್ಬರು ಒಂದೇ ಸೀಸನ್ನಲ್ಲಿ ಸಾವಿರ ಮುಟ್ಟಿದ್ದು ಎನ್‌ಎಫ್‌ಎಲ್‌ನಲ್ಲಿ ಅದೇ ಮೊದಲು.

ಅವತ್ತಿನಿಂದ ಇವತ್ತಿನವರೆಗೆ ಯಾವ ಜೋಡಿ ಬಗ್ಗೆ ಮಾತು ಬಂದರೂ ಜನ ಕೇಳೋದು ಒಂದೇ ಪ್ರಶ್ನೆ: ಇಬ್ಬರೂ ಸಾವಿರ ದಾಟಿದ್ರಾ? ನನಗೆ ಈ ಅಳತೆಗೋಲಿನ ಮೇಲೆ ತಕರಾರಿದೆ. ಅದನ್ನ ಹೇಳೋಕೇ ಇವತ್ತು ಕೂತಿರೋದು.

2009ರ ಕ್ಯಾರೊಲೈನಾ ಪ್ಯಾಂಥರ್ಸ್ ನೋಡಿ. ಜೊನಾಥನ್ ಸ್ಟೀವರ್ಟ್ 1,133, ಡಿಆಂಜೆಲೊ ವಿಲಿಯಮ್ಸ್ 1,117. ಇಬ್ಬರೂ 1,100 ದಾಟಿದ ಮೊದಲ ಜೋಡಿ. ಕಾಗದದ ಮೇಲೆ ಇದಕ್ಕಿಂತ ಚೆಂದ ಇನ್ನೇನಿದೆ? ಆದರೆ ತಂಡ ಆ ವರ್ಷ 8 ಗೆದ್ದು 8 ಸೋತಿತು. ಇನ್ನೊಂದು ವಿಷಯ. ಡಿಸೆಂಬರ್‌ನಲ್ಲಿ ನ್ಯೂಯಾರ್ಕ್ ಜೈಂಟ್ಸ್ ವಿರುದ್ಧ ಸ್ಟೀವರ್ಟ್ ಒಬ್ಬರೇ 206 ಯಾರ್ಡ್ ಓಡಿದ್ರು. ಅದ್ಭುತ ಆಟ, ಎರಡು ಮಾತಿಲ್ಲ. ಆದರೆ ಅವತ್ತು ವಿಲಿಯಮ್ಸ್ ಗಾಯವಾಗಿ ಹೊರಗಿದ್ರು. ಜೊತೆಗಾರ ಇಲ್ಲದ ದಿನ ಬಂದ 206 ಯಾರ್ಡ್ ಜೋಡಿಯ ಲೆಕ್ಕಕ್ಕೆ ಸೇರಿಕೊಂಡಿದೆ! 1985ರ ಕ್ಲೀವ್‌ಲ್ಯಾಂಡ್ ಬ್ರೌನ್ಸ್ ಕೂಡ ಹಾಗೇ. ಕೆವಿನ್ ಮ್ಯಾಕ್ 1,104, ಅರ್ನೆಸ್ಟ್ ಬೈನರ್ 1,002, ತಂಡ ಮತ್ತೆ 8-8.

ಈ ಆಟವನ್ನ ಈಗಷ್ಟೇ ನೋಡೋಕೆ ಶುರು ಮಾಡಿದವರಿಗೆ ಚಿಕ್ಕದಾಗಿ ಹೇಳಿಬಿಡ್ತೀನಿ. ನಾಲ್ಕು ಪ್ರಯತ್ನದಲ್ಲಿ ಹತ್ತು ಯಾರ್ಡ್ ಮುಂದೆ ಹೋಗಬೇಕು. ಕ್ವಾರ್ಟರ್‌ಬ್ಯಾಕ್ ಚೆಂಡನ್ನ ಎಸೀಬಹುದು, ಇಲ್ಲಾ ಹಿಂದೆ ನಿಂತಿರೋ ರನ್ನಿಂಗ್ ಬ್ಯಾಕ್ ಕೈಗೆ ಕೊಡಬಹುದು. ಅವರು ಅದನ್ನ ಹೊಟ್ಟೆಗೆ ಅವಚಿಕೊಂಡು ನೂರಮೂವತ್ತು ಕಿಲೋ ತೂಕದ ಆಳುಗಳ ನಡುವೆ ನುಗ್ಗಬೇಕು. ಒಂದು ಪಂದ್ಯದಲ್ಲಿ ಇಪ್ಪತ್ತು ಸಲ ಹೀಗೆ ನುಗ್ಗಿದರೆ ಮೈ ಏನಾಗುತ್ತೆ ಯೋಚನೆ ಮಾಡಿ. ಅದಕ್ಕೇ ಇಬ್ಬರು ಬೇಕು.

ಆದರೆ ಆ ಇಬ್ಬರು ಏನು ಮಾಡ್ತಾರೆ ಅನ್ನೋದು ಕಾಲಕ್ಕೆ ತಕ್ಕಂತೆ ಬದಲಾಗಿದೆ. ಎಪ್ಪತ್ತರ ದಶಕದಲ್ಲಿ ಇಬ್ಬರೂ ಒಟ್ಟಿಗೇ ಕ್ವಾರ್ಟರ್‌ಬ್ಯಾಕ್ ಹಿಂದೆ ನಿಲ್ತಿದ್ರು. ಒಬ್ಬರು ಚೆಂಡು ಹಿಡಿದು ಓಡಿದರೆ ಇನ್ನೊಬ್ಬರು ಮುಂದೆ ಹೋಗಿ ಎದುರಾಳಿಗೆ ಡಿಕ್ಕಿ ಹೊಡೆದು ದಾರಿ ಬಿಡಿಸ್ತಿದ್ರು. ಇವತ್ತು ಹಿಂದೆ ನಿಲ್ಲೋದು ಬಹುತೇಕ ಒಬ್ಬರೇ. ಇನ್ನೊಬ್ಬರು ಬೆಂಚ್ ಮೇಲೆ ನೀರು ಕುಡೀತಾ ತಮ್ಮ ಪಾಳಿಗೆ ಕಾಯ್ತಿರ್ತಾರೆ. ಮೊದಲನೇದು ನೊಗಕ್ಕೆ ಕಟ್ಟಿದ ಜೋಡೆತ್ತು. ಎರಡನೇದು ಪಾಳಿ ಕೆಲಸ. ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ಯಾರ್ಡ್ ತೂಗಿದರೆ ಹೇಗೆ?

ನೊಗಕ್ಕೆ ಕಟ್ಟಿದ ಜೋಡಿ ಅಂದ ಕೂಡಲೇ ನನ್ನ ಮನಸ್ಸಿಗೆ ಬರೋದು 1976ರ ಪಿಟ್ಸ್‌ಬರ್ಗ್ ಸ್ಟೀಲರ್ಸ್. ಫ್ರಾಂಕೊ ಹ್ಯಾರಿಸ್ ಮತ್ತು ರಾಕಿ ಬ್ಲೈಯರ್.

ಇಬ್ಬರ ದಾರಿ ಎಷ್ಟು ಬೇರೆ ಅಂದ್ರೆ, ಹ್ಯಾರಿಸ್ 1972ರ ಡ್ರಾಫ್ಟ್‌ನ, ಅಂದ್ರೆ ತಂಡಗಳು ಹೊಸ ಆಟಗಾರರನ್ನ ಸರದಿಯಲ್ಲಿ ಆರಿಸಿಕೊಳ್ಳೋ ಪದ್ಧತಿಯ, ಮೊದಲ ಸುತ್ತಿನಲ್ಲೇ ಆಯ್ಕೆಯಾದವರು. ಎತ್ತರದ ಆಳು, ಆ ಗಾತ್ರಕ್ಕೆ ಹೆಜ್ಜೆ ಆಶ್ಚರ್ಯ ಆಗೋಷ್ಟು ಹಗುರ. ಬ್ಲೈಯರ್ 1968ರ ಡ್ರಾಫ್ಟ್‌ನಲ್ಲಿ ಹದಿನಾರನೇ ಸುತ್ತಿನವರು. ಅದೇ ವರ್ಷ ಸೈನ್ಯದಿಂದ ಕರೆ ಬಂತು. 1969ರ ಆಗಸ್ಟ್‌ನಲ್ಲಿ ವಿಯೆಟ್ನಾಮ್‌ನಲ್ಲಿ ಎಡತೊಡೆಗೆ ಗುಂಡು ಬಿತ್ತು, ಗ್ರೆನೇಡ್ ಸಿಡಿದು ಬಲಗಾಲು, ಪಾದ ಛಿದ್ರವಾಯ್ತು. ಇನ್ನು ಆಟ ಮರೆತುಬಿಡು ಅಂತ ಡಾಕ್ಟರು ಹೇಳಿದ್ರು. ಓಡೋದೇ ಕಸುಬಾದವರಿಗೆ ಪಾದ ಅಂದ್ರೆ ಏನು ಅಂತ ನಾನು ಬಿಡಿಸಿ ಹೇಳಬೇಕಿಲ್ಲ. ಏಳು ವರ್ಷ ಆದ ಮೇಲೆ, 1976ರಲ್ಲಿ, ಅದೇ ಪಾದದ ಮೇಲೆ ಅವರು 1,036 ಯಾರ್ಡ್ ಓಡಿದ್ರು. ಹ್ಯಾರಿಸ್ ಅವರದ್ದು 1,128. ಅದೂ 14 ಪಂದ್ಯಗಳ ಸೀಸನ್ನಲ್ಲಿ; ಇವತ್ತಿನ ಹಾಗೆ 17 ಇರಲಿಲ್ಲ.

ಆದರೆ ನಾನು ಈ ಜೋಡಿಯನ್ನ ಇಷ್ಟಪಡೋದು ಆ ಎರಡು ಸಂಖ್ಯೆಗೋಸ್ಕರ ಅಲ್ಲ. ಹಳೇ ಪಂದ್ಯಗಳ ದೃಶ್ಯ ಸಿಕ್ಕರೆ ಒಂದು ಕೆಲಸ ಮಾಡಿ. ಹ್ಯಾರಿಸ್ ಕೈಯಲ್ಲಿ ಚೆಂಡಿರೋವಾಗ ಹ್ಯಾರಿಸ್‌ರನ್ನ ನೋಡಬೇಡಿ, 20 ನಂಬರಿನ ಅಂಗಿ ಹುಡುಕಿ. ಬ್ಲೈಯರ್ ತಲೆ ತಗ್ಗಿಸಿ, ಮೊಣಕಾಲು ಮಡಿಸಿ, ತಮಗಿಂತ ಭಾರದ ಲೈನ್‌ಬ್ಯಾಕರ್‌ನ, ಅಂದ್ರೆ ಓಟ ತಡೆಯೋಕೆ ನಿಂತ ಎದುರಾಳಿಯ, ಎದೆ ಕೆಳಗೆ ಭುಜ ಕೊಡ್ತಾರೆ. ಆತ ಬೀಳದೇ ಇರಬಹುದು. ಅರ್ಧ ಹೆಜ್ಜೆ ಪಕ್ಕಕ್ಕೆ ಸರಿದರೆ ಸಾಕು, ಆ ಸಂದಿಯಲ್ಲಿ ಹ್ಯಾರಿಸ್ ದಾಟಿಹೋಗಿರ್ತಾರೆ. ಸ್ಟೀಲರ್ಸ್‌ಗೆ ‘ಟ್ರ್ಯಾಪ್’ ಅನ್ನೋ ಆಟ ಬಹಳ ಪ್ರಿಯ. ಎದುರಾಳಿಯೊಬ್ಬನನ್ನ ಬೇಕಂತಲೇ ಒಳಗೆ ಬರೋಕೆ ಬಿಟ್ಟು, ಆತ ಎರಡು ಹೆಜ್ಜೆ ಇಟ್ಟ ಮೇಲೆ ಪಕ್ಕದಿಂದ ತಮ್ಮದೇ ತಂಡದ ಮುಂಸಾಲಿನ ಗಾರ್ಡ್ ಬಂದು ಗುದ್ದೋದು. ಇಂಥ ಆಟದಲ್ಲಿ ಹಿಂದಿರೋ ಇಬ್ಬರ ಹೆಜ್ಜೆ ಗಡಿಯಾರದ ಹಾಗೆ ಕೂಡಬೇಕು. ಬ್ಲೈಯರ್ ಮಾಡಿದ ಈ ಕೆಲಸದ ಒಂದು ಇಂಚೂ ಯಾವ ಅಂಕಿಅಂಶದಲ್ಲೂ ಇಲ್ಲ.

ಆ ವರ್ಷ ಸ್ಟೀಲರ್ಸ್ ಮೊದಲ ಐದರಲ್ಲಿ ನಾಲ್ಕು ಸೋತಿದ್ರು. ಐದನೇ ಪಂದ್ಯದಲ್ಲಿ ಕ್ವಾರ್ಟರ್‌ಬ್ಯಾಕ್ ಟೆರಿ ಬ್ರಾಡ್‌ಶಾರನ್ನ ಎದುರಾಳಿ ಎತ್ತಿ ತಲೆಕೆಳಗಾಗಿ ನೆಲಕ್ಕೆ ಕುಕ್ಕಿದ. ಮೈಕ್ ಕ್ರೂಜೆಕ್ ಅನ್ನೋ ಹೊಸ ಹುಡುಗ ಬಂದ. ಆತ ಶುರುವಿನಿಂದ ಆಡಿದ ಆರು ಪಂದ್ಯ ಆರೂ ಗೆದ್ದರು. ಈಗ ಇದನ್ನ ಕೇಳಿ: ಇಡೀ ಸೀಸನ್ನಲ್ಲಿ ಕ್ರೂಜೆಕ್ ಎಸೆದ ಟಚ್‌ಡೌನ್ ಪಾಸ್, ಅಂದ್ರೆ ಕೊನೇ ಗೆರೆ ದಾಟಿಸಿ ಅಂಕ ತಂದ ಎಸೆತ, ಸೊನ್ನೆ. ಒಂದೂ ಇಲ್ಲ. ಚೆಂಡು ಹ್ಯಾರಿಸ್‌ಗೆ ಹೋಗುತ್ತೆ ಇಲ್ಲಾ ಬ್ಲೈಯರ್‌ಗೆ ಹೋಗುತ್ತೆ ಅಂತ ಕ್ರೀಡಾಂಗಣದಲ್ಲಿ ಕೂತ ಪ್ರತಿಯೊಬ್ಬರಿಗೂ ಗೊತ್ತು. ಗೊತ್ತಿದ್ದೂ ತಡೆಯೋಕಾಗಲಿಲ್ಲ.

ನ್ಯಾಯವಾಗಿ ಮಾತಾಡಬೇಕಂದ್ರೆ ಆ ತಂಡದ ಡಿಫೆನ್ಸ್ ಹೆಸರನ್ನೂ ಎತ್ತಲೇಬೇಕು. ಕೊನೆಯ ಒಂಬತ್ತು ಪಂದ್ಯದಲ್ಲಿ ಅವರು ಬಿಟ್ಟುಕೊಟ್ಟಿದ್ದು ಒಟ್ಟು 28 ಅಂಕ. ಒಂಬತ್ತೂ ಗೆದ್ದರು. ಜೋಡಿಯಿಂದಲೇ ಎಲ್ಲ ಆಯ್ತು ಅಂತ ನಾನು ಹೇಳಲ್ಲ. ಆದರೆ ಎದುರಾಳಿ ಗಡಿಯಾರ ನೋಡ್ತಾ ಕೂರೋ ಹಾಗೆ ಚೆಂಡನ್ನ ಇಟ್ಟುಕೊಂಡವರು ಇವರಿಬ್ಬರು.

ಈಗ ಪಾಳಿ ಜೋಡಿಗಳಿಗೆ ಬರ್ತೀನಿ. ಇಲ್ಲೂ ನನಗೆ ತುಂಬ ಇಷ್ಟವಾದವರಿದ್ದಾರೆ.

2017ರ ನ್ಯೂ ಆರ್ಲಿಯನ್ಸ್ ಸೇಂಟ್ಸ್. ಮಾರ್ಕ್ ಇನ್‌ಗ್ರಾಮ್ 1,124 ಯಾರ್ಡ್ ಓಡಿದ್ರು. ಮೊದಲ ವರ್ಷದ ಆಲ್ವಿನ್ ಕಮಾರಾ ಓಡಿದ್ದು ಬರೀ 728, ಆದರೆ 81 ಕ್ಯಾಚ್ ಹಿಡಿದು ಇನ್ನೂ 826 ಸೇರಿಸಿದ್ರು. ಓಟ, ಕ್ಯಾಚ್ ಎರಡನ್ನೂ ಕೂಡಿಸಿದರೆ ಇಬ್ಬರೂ 1,500 ದಾಟಿದ್ರು, ಯಾವ ರನ್ನಿಂಗ್ ಬ್ಯಾಕ್ ಜೋಡಿಯೂ ಅದಕ್ಕೆ ಮೊದಲು ಮಾಡಿರದ ಕೆಲಸ. ಸಾವಿರದ ಹಳೇ ಅಳತೆಗೋಲು ಹಿಡಿದರೆ ಈ ಜೋಡಿ ಪಟ್ಟಿಗೇ ಬರಲ್ಲ! ಕಮಾರಾ ಚೆಂಡಿಲ್ಲದೆ ಬದಿಗೆ ಓಡಿದರೂ ಒಬ್ಬ ಲೈನ್‌ಬ್ಯಾಕರ್ ಹಿಂದೆ ಹೋಗಲೇಬೇಕು. ಇನ್‌ಗ್ರಾಮ್‌ಗೆ ನಡುವೆ ಒಬ್ಬ ಕಡಿಮೆ. ಬ್ಲೈಯರ್ ಭುಜದಿಂದ ಮಾಡಿದ್ದನ್ನ ಕಮಾರಾ ಆಸೆ ತೋರಿಸಿ ಮಾಡಿದ್ರು.

ಆ ತಂಡದ ಕೋಚಿಂಗ್ ಬಳಗದಲ್ಲಿ ಆಗ ಡ್ಯಾನ್ ಕ್ಯಾಂಪ್‌ಬೆಲ್ ಇದ್ದರು. 2021ರಲ್ಲಿ ಅವರು ಡೆಟ್ರಾಯಿಟ್ ಲಯನ್ಸ್‌ನ ಮುಖ್ಯ ಕೋಚ್ ಆದ್ರು. 2023ರಲ್ಲಿ ಏನು ಕಟ್ಟಿದ್ರು ನೋಡಿ: ನಡುವೆ ನುಗ್ಗೋಕೆ ಡೇವಿಡ್ ಮಾಂಟ್ಗೊಮೆರಿ, ಮಿಂಚಿನ ಹಾಗೆ ಓಡೋಕೆ ಜಾಮೀರ್ ಗಿಬ್ಸ್. ನ್ಯೂ ಆರ್ಲಿಯನ್ಸ್‌ನಲ್ಲಿ ಕಂಡಿದ್ದನ್ನ ಮರೆತಿರಲಿಲ್ಲ ಅಂತಲೇ ನನ್ನ ನಂಬಿಕೆ. ಮಾಂಟ್ಗೊಮೆರಿ 1,015 ಯಾರ್ಡ್, 13 ಟಚ್‌ಡೌನ್. ಗಿಬ್ಸ್ 945 ಯಾರ್ಡ್, ಓಡಿ ಹೊಡೆದ ಟಚ್‌ಡೌನ್ 10. ಆ ನವೆಂಬರ್‌ನಲ್ಲಿ ಲಾಸ್ ಏಂಜಲೀಸ್ ಚಾರ್ಜರ್ಸ್ ವಿರುದ್ಧ ಮಾಂಟ್ಗೊಮೆರಿ 75 ಯಾರ್ಡ್ ಒಂದೇ ಉಸಿರಿಗೆ ಓಡಿ ಟಚ್‌ಡೌನ್ ಹೊಡೆದ್ರೆ, ಅದೇ ಪಂದ್ಯದಲ್ಲಿ ಗಿಬ್ಸ್ ಎರಡು ಹೊಡೆದ್ರು. 41-38. ನುಗ್ಗೋ ಆಳು ದೂರ ಓಡಿದ, ಓಡೋ ಆಳು ಗೆರೆ ಹತ್ತಿರ ನುಗ್ಗಿದ. ಎತ್ತು ಏರಿಗೆ ಕೋಣ ನೀರಿಗೆ ಅಂತ ನಾವು ಬೈಯೋದಕ್ಕೆ ಬಳಸ್ತೀವಲ್ಲ, ಈ ಆಟದಲ್ಲಿ ಆ ಎಳೆದಾಟವೇ ಬಂಡವಾಳ. ಡಿಫೆನ್ಸ್‌ಗೆ ಯಾವ ಕಡೆ ವಾಲಬೇಕು ಅಂತಲೇ ತಿಳಿಯಲ್ಲ.

ಹಾಗಾದ್ರೆ ಜಾಂಕಾ, ಮಾರಿಸ್? ಅವರ ತಂಡ ಲೀಗ್‌ನ ಫೈನಲ್ ಆದ ಸೂಪರ್ ಬೌಲ್ ಸೇರಿ 17ಕ್ಕೆ 17 ಗೆದ್ದಿತು. ಅದರ ಮುಂದೆ ಏನು ಹೇಳಿದರೂ ಸಣ್ಣದೇ. ಆದರೆ ಅದು ನಿಜವಾಗಿ ಜೋಡಿಯಲ್ಲ, ಮೂವರು. ಜಿಮ್ ಕಿಕ್ ಅನ್ನೋ ಇನ್ನೊಬ್ಬರಿದ್ದರು. ಜಾಂಕಾ ಅವರ ಆಪ್ತ ಗೆಳೆಯ, ಅದಕ್ಕೆ ಮೊದಲು ಅವರ ಪಕ್ಕದ ಖಾಯಂ ಜಾಗ ಇದ್ದದ್ದು ಕಿಕ್‌ಗೆ. ಮಾರಿಸ್‌ಗೆ ಚೆಂಡು ಹೆಚ್ಚು ಸಿಕ್ಕ ಹಾಗೆ ಕಿಕ್‌ಗೆ ಕಡಿಮೆಯಾಯ್ತು. ಮಾರಿಸ್ ಸಾವಿರ ಮುಟ್ಟಿದ ವರ್ಷ ಕಿಕ್ ಓಡಿದ್ದು 521 ಯಾರ್ಡ್. ಜೋಡಿಗಳನ್ನ ಹೊಗಳೋವಾಗ ಈ ನೋವನ್ನ ಯಾರೂ ನೆನೆಯಲ್ಲ, ನನಗೆ ಅದು ಸರಿ ಅನ್ನಿಸಲ್ಲ.

ನನ್ನ ತೀರ್ಪು: ಪಾಳಿ ಜೋಡಿಗಳಲ್ಲಿ ಮೊದಲ ಸ್ಥಾನ ಇನ್‌ಗ್ರಾಮ್ ಮತ್ತು ಕಮಾರಾಗೆ, ಕೂದಲೆಳೆಯಷ್ಟು ಹಿಂದೆ ಲಯನ್ಸ್ ಜೋಡಿ. ಎಲ್ಲ ಕಾಲಕ್ಕೂ ಸೇರಿಸಿ ಒಂದೇ ಹೆಸರು ಹೇಳು ಅಂದ್ರೆ ಹ್ಯಾರಿಸ್ ಮತ್ತು ಬ್ಲೈಯರ್. ಅವರ ಕೈಯಲ್ಲಿ ಆ ವರ್ಷದ ಚಾಂಪಿಯನ್ ಉಂಗುರ ಇಲ್ಲ, ಗೊತ್ತು. ಯಾಕಿಲ್ಲ ಅಂತಲೂ ಹೇಳ್ತೀನಿ.

ಸೋತವರು ಹೊರಹೋಗೋ ಪ್ಲೇಆಫ್ ಹಂತದ ಮೊದಲ ಪಂದ್ಯದಲ್ಲಿ ಸ್ಟೀಲರ್ಸ್ ಬಾಲ್ಟಿಮೋರ್ ತಂಡವನ್ನ 40-14ರಲ್ಲಿ ಬಡಿದ್ರು. ಆದರೆ ಆ ಪಂದ್ಯದಲ್ಲೇ ಹ್ಯಾರಿಸ್ ಪಕ್ಕೆಲುಬಿಗೆ ಪೆಟ್ಟು, ಬ್ಲೈಯರ್ ಕಾಲ್ಬೆರಳಿಗೆ ಪೆಟ್ಟು. ಮುಂದಿನ ವಾರ, ಡಿಸೆಂಬರ್ 26, ಓಕ್‌ಲ್ಯಾಂಡ್‌ನಲ್ಲಿ ರೇಡರ್ಸ್ ವಿರುದ್ಧ ಕಾನ್ಫರೆನ್ಸ್ ಫೈನಲ್, ಗೆದ್ದವರು ಸೂಪರ್ ಬೌಲ್‌ಗೆ. ಇಬ್ಬರೂ ಆಡೋ ಸ್ಥಿತಿಯಲ್ಲಿರಲಿಲ್ಲ. ಗಾಯವಿಲ್ಲದೆ ಉಳಿದಿದ್ದ ರನ್ನಿಂಗ್ ಬ್ಯಾಕ್ ರೆಜಿ ಹ್ಯಾರಿಸನ್ ಒಬ್ಬರೇ. ಆ ಬಲಿಷ್ಠ ಡಿಫೆನ್ಸ್ ಇತ್ತು, ಬ್ರಾಡ್‌ಶಾ ವಾಪಸ್ ಬಂದಿದ್ದರು, ಲೈನ್‌ನವರೂ ಇದ್ದರು. ಹಿಂದೆ ನಿಲ್ಲೋ ಆ ಇಬ್ಬರು ಮಾತ್ರ ಇರಲಿಲ್ಲ. ಓಕ್‌ಲ್ಯಾಂಡ್ 24, ಪಿಟ್ಸ್‌ಬರ್ಗ್ 7.