ಊರಾಚೆಯ ನಿಲ್ದಾಣ

ಶ್ರೋತೃಗಳಿಗೆ ನಮಸ್ಕಾರ.

ಗ್ರೀಸಿನ ರಾಜಧಾನಿ ಅಥೆನ್ಸಿನಿಂದ ಪಶ್ಚಿಮಕ್ಕೆ ಸುಮಾರು 80 ಕಿಲೋಮೀಟರ್ ದೂರದಲ್ಲಿ, ಕಡಲ ದಂಡೆಯ ಮೇಲೆ, 30 ಸಾವಿರದಷ್ಟು ಜನರಿರುವ ಕೊರಿಂಥ್ ಪಟ್ಟಣವಿದೆ. ಅಲ್ಲಿಗೆ ರೈಲಿನಲ್ಲಿ ಹೋದವರು ಇಳಿದ ಮೇಲೆ ಪಟ್ಟಣ ಎಲ್ಲಿದೆ ಎಂದು ಕೇಳಬೇಕಾಗುತ್ತದೆ. ನಿಲ್ದಾಣ ಇರುವುದು ಊರಾಚೆ, ಹೆದ್ದಾರಿಯ ಸಮೀಪದಲ್ಲಿ. ಪೇಟೆ ಬೀದಿಗೆ ಹೋಗಲು ಬಸ್ಸನ್ನೋ ಟ್ಯಾಕ್ಸಿಯನ್ನೋ ಹಿಡಿಯಬೇಕು.

ಈ ಉಪನಗರ ರೈಲನ್ನು ಗ್ರೀಕರು 'ಪ್ರೊಆಸ್ತಿಯಾಕೋಸ್' ಎನ್ನುತ್ತಾರೆ. 'ಪ್ರೊ' ಎಂದರೆ ಮುಂದೆ, 'ಆಸ್ತಿ' ಎಂದರೆ ಪಟ್ಟಣ; ನಮ್ಮ ಆಸ್ತಿಪಾಸ್ತಿಗೂ ಈ ಮಾತಿಗೂ ನಂಟಿಲ್ಲ. ಆದರೆ ನಿಲ್ದಾಣಕ್ಕೆ ಅವರು ಬಳಸುವ 'ಸ್ತಾಥ್ಮೋಸ್' ಎಂಬ ಪದವೂ, ಸಂಸ್ಕೃತದಿಂದ ನಾವು ಪಡೆದ 'ಸ್ಥಾನ'ವೂ ಬಹು ಹಿಂದಿನ ಒಂದೇ ಧಾತುವಿನಿಂದ ಬಂದವು. ಪ್ರೊಆಸ್ತಿಯಾಕೋಸ್ ಎಂದರೆ ಪಟ್ಟಣದ ಎದುರಿನ ಊರುಗಳ ರೈಲು, ಮತ್ತು ಇಲ್ಲಿ ಆ ಪಟ್ಟಣವೆಂದರೆ ಅಥೆನ್ಸ್. ಪ್ರಾಚೀನ ಕಾಲದಲ್ಲಿ ಅಥೆನ್ಸಿಗೆ ಸರಿಸಮನಾಗಿ ಹಡಗು ಕಟ್ಟಿ ವ್ಯಾಪಾರ ನಡೆಸಿದ ಕೊರಿಂಥ್ ಇಂದು ಅದೇ ಅಥೆನ್ಸಿನ ರೈಲುಪಟ್ಟಿಯಲ್ಲಿ ಒಂದು ಉಪನಗರವಾಗಿದೆ.

ಹಾಗಾದರೆ ನಿಲ್ದಾಣ ಊರಿನೊಳಗೆ ಎಂದೂ ಇರಲಿಲ್ಲವೇ? ಇತ್ತು. 1880ರ ದಶಕದಲ್ಲಿ, ಹರಿಲಾವೋಸ್ ತ್ರಿಕೂಪಿಸ್ ಪ್ರಧಾನಿಯಾಗಿದ್ದ ವರ್ಷಗಳಲ್ಲಿ, ಕೊರಿಂಥ್ ಸೇರಿರುವ ಪೆಲೊಪೊನೀಸ್ ಪರ್ಯಾಯದ್ವೀಪದ ಸುತ್ತ ಮೀಟರ್ ಗೇಜ್, ಎಂದರೆ ಒಂದು ಮೀಟರ್ ಅಗಲದ, ಹಳಿಯನ್ನು ಹಾಸಲಾಯಿತು. ಆ ನೆಲದ ಮುಖ್ಯ ಸರಕು ಸಣ್ಣ ಕಪ್ಪು ಒಣದ್ರಾಕ್ಷಿ. ಅದರ ಇಂಗ್ಲಿಷ್ ಹೆಸರಾದ 'ಕರಂಟ್' ಹುಟ್ಟಿದ್ದೇ ಕೊರಿಂಥ್ ಎಂಬ ಹೆಸರಿನಿಂದ. ದ್ರಾಕ್ಷಿಯನ್ನು ಬಂದರಿಗೆ ಮುಟ್ಟಿಸುವುದು ಆ ರೈಲಿನ ದೊಡ್ಡ ಕೆಲಸವಾಗಿತ್ತು. 1885ರಲ್ಲಿ ಹಳಿ ಕೊರಿಂಥ್ ತಲುಪಿದಾಗ ನಿಲ್ದಾಣ ಊರೊಳಗೆ, ಬಂದರಿಗೆ ಹತ್ತಿರದಲ್ಲಿ ನಿಂತುದು ಸಹಜವೇ ಆಗಿತ್ತು. ಮೀಟರ್ ಗೇಜ್ ಅಗ್ಗದ್ದು, ಬಿಗಿಯಾದ ತಿರುವುಗಳಲ್ಲೂ ನುಸುಳಿಕೊಂಡು ಹೋಗುವಂಥದ್ದು. ನಮ್ಮ ಮೈಸೂರು ಸೀಮೆಯಲ್ಲಿ ಅದರಲ್ಲಿ ಓಡಾಡಿದ ಹಿರಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆ ಊರು ಕೂಡ ಆಗ ಹೊಸದೇ. ಹಳೆಯ ಕೊರಿಂಥ್ 1858ರ ಭೂಕಂಪದಲ್ಲಿ ನೆಲಸಮವಾದ ಮೇಲೆ, ಕೆಲವು ಕಿಲೋಮೀಟರ್ ಸರಿದು ಕಡಲ ಬಳಿ ಇಡೀ ಪಟ್ಟಣವನ್ನು ಹೊಸದಾಗಿ ಕಟ್ಟಲಾಗಿತ್ತು. 1928ರ ಭೂಕಂಪ ಅದನ್ನೂ ಕೆಡವಿತು, ಮತ್ತೆ ಕಟ್ಟಬೇಕಾಯಿತು. ಮನೆಮಠಗಳನ್ನೇ ಹೊತ್ತು ಸರಿದ ಊರಿಗೆ ನಿಲ್ದಾಣ ಸರಿದದ್ದು ದೊಡ್ಡ ಮಾತಲ್ಲ ಎನ್ನಬಹುದು. ಆದರೆ ಭೂಕಂಪಕ್ಕೆ ಹೆದರಿ ಸರಿಯುವುದು ಬೇರೆ, ವೇಗಕ್ಕಾಗಿ ಸರಿಯುವುದು ಬೇರೆ.

2004ರ ಆಗಸ್ಟ್‌ನಲ್ಲಿ ಅಥೆನ್ಸ್ ಒಲಿಂಪಿಕ್ ಕ್ರೀಡಾಕೂಟ ನಡೆಯಿತು. ಅದಕ್ಕೆ ಸ್ವಲ್ಪ ಮೊದಲು, ಜುಲೈ ಕೊನೆಯಲ್ಲಿ, ವಿಮಾನ ನಿಲ್ದಾಣವನ್ನು ನಗರಕ್ಕೆ ಜೋಡಿಸುವ ಉಪನಗರ ರೈಲು ಓಡತೊಡಗಿತು. ಮರುವರ್ಷ ಸೆಪ್ಟೆಂಬರ್‌ನಲ್ಲಿ ಅದು ಕೊರಿಂಥ್‌ವರೆಗೆ ಬಂತು. ಈ ಹೊಸ ಹಳಿಯ ಅಗಲ 1435 ಮಿಲಿಮೀಟರ್. ವೇಗದ ರೈಲಿಗೆ ನೀಳವಾದ, ಹಗುರವಾದ ತಿರುವುಗಳು ಬೇಕು, ರಸ್ತೆಗೆ ಅಡ್ಡ ಬರುವ ಗೇಟುಗಳು ಇರಬಾರದು. ಬೀದಿಗಳ ನಡುವೆ ಹಾದುಹೋಗುತ್ತಿದ್ದ ಹಳೆಯ ದಾರಿಯಲ್ಲಿ ಇದು ಸಾಧ್ಯವಿರಲಿಲ್ಲ. ಹೀಗೆ ಹೊಸ ಹಳಿ ಕಾಕಿಯಾ ಸ್ಕಾಲಾ, ಎಂದರೆ 'ಕೆಟ್ಟ ಮೆಟ್ಟಿಲು', ಎಂದು ಹೆಸರಾದ ಕಡಿದಾದ ಕರಾವಳಿ ಬಂಡೆಗಳನ್ನು ಸುರಂಗಗಳಲ್ಲಿ ದಾಟಿ, 1893ರಲ್ಲಿ ತೆರೆದ ಕೊರಿಂಥ್ ಕಾಲುವೆಯ ಮೇಲೆ ಸೇತುವೆಯಲ್ಲಿ ಹಾದು, ಪಟ್ಟಣದ ಒಳಗೆ ಕಾಲಿಡದೆ ಹೊರಗೇ ನಿಂತಿತು.

ಆ ಕಾಲುವೆಯ ಬಗ್ಗೆ ಒಂದು ಮಾತು ಹೇಳದೆ ಮುಂದುವರಿಯಲಾರೆ. ಬಂಡೆಯನ್ನು ಕಡಿದು ತೋಡಿದ, ಆರು ಕಿಲೋಮೀಟರಿಗೂ ಮಿಕ್ಕಿ ಉದ್ದದ, ತಳದಲ್ಲಿ 21 ಮೀಟರ್ ಅಗಲದ ಆ ನೀರಿನ ಓಣಿಯನ್ನು 1944ರಲ್ಲಿ ಹಿಮ್ಮೆಟ್ಟುತ್ತಿದ್ದ ಜರ್ಮನ್ ಸೈನ್ಯ ಮುಚ್ಚಿಹಾಕಿತು. ಸೇತುವೆಗಳನ್ನು ಸಿಡಿಸಿತು, ರೈಲು ಎಂಜಿನ್ನುಗಳನ್ನೂ ಡಬ್ಬಿಗಳನ್ನೂ ಅದರೊಳಕ್ಕೆ ಉರುಳಿಸಿತು. ಅದನ್ನೆಲ್ಲ ತೆಗೆದು ಹಡಗುಗಳಿಗೆ ದಾರಿ ಬಿಡಿಸುವಷ್ಟರಲ್ಲಿ 1948 ಬಂದಿತ್ತು.

ನಿಲ್ದಾಣ ಎಲ್ಲಿದೆ ಎಂಬುದರಿಂದ ಅದು ಯಾರದ್ದು ಎಂದು ತಿಳಿಯುತ್ತದೆ ಎಂಬುದು ನನ್ನ ಅಭಿಪ್ರಾಯ. ಹಳೆಯದು ದ್ರಾಕ್ಷಿ ವರ್ತಕನದು, ಹೊಸದು ಅಥೆನ್ಸಿಗೆ ಹೋಗಿ ಬರುವ ಪ್ರಯಾಣಿಕನದು. ಒಂದು ಗಂಟೆಗೆ ತುಸು ಹೆಚ್ಚು ಸಮಯದಲ್ಲಿ ರಾಜಧಾನಿ ಸೇರುವವನು ನಿಲ್ದಾಣದ ತನಕ ಕಾರಿನಲ್ಲಿ ಬಂದಾನು; ಪೇಟೆಯ ಮುದುಕಿಗೆ ಆ ಅನುಕೂಲ ಎಲ್ಲಿಂದ ಬರಬೇಕು? ಹಳೆಯ ಹಳಿಯಾದರೂ ಜೊತೆಯಲ್ಲಿ ಉಳಿದಿದ್ದರೆ ಈ ಕೊರತೆ ಇಷ್ಟು ಕಾಣುತ್ತಿರಲಿಲ್ಲ. ಆದರೆ ಗ್ರೀಸ್ ಸರ್ಕಾರದ ಸಾಲದ ಬಿಕ್ಕಟ್ಟಿನಲ್ಲಿ, 2011ರ ಆರಂಭದ ಹೊತ್ತಿಗೆ, ಪೆಲೊಪೊನೀಸ್‌ನ ಮೀಟರ್ ಗೇಜ್ ಪ್ರಯಾಣಿಕ ರೈಲುಗಳು ಬಹುಪಾಲು ನಿಂತುಹೋದವು.

ಹೊಸ ಹಳಿ ಕೊರಿಂಥ್‌ನಿಂದ ಪಶ್ಚಿಮಕ್ಕೆ 2007ರಲ್ಲಿ ಕಿಯಾತೊ ಊರನ್ನೂ, 2020ರಲ್ಲಿ ಏಗಿಯೊ ಊರನ್ನೂ ಮುಟ್ಟಿತು. ಅದರಾಚೆಯ ಬಂದರು ನಗರ ಪಾತ್ರಾಗೆ ಹೋಗುವವರು ಏಗಿಯೊದಲ್ಲಿ ರೈಲಿಳಿದು ಬಸ್ಸು ಹತ್ತುತ್ತಾರೆ. ಆ ಪಾತ್ರಾಗೆ ಹಳೆಯ ಮೀಟರ್ ಗೇಜ್ ರೈಲು 1887ರಲ್ಲೇ ತಲುಪಿತ್ತು.

ನಮಸ್ಕಾರ.