ರಾತ್ರಿ ಕಡಲಿಗೆ ಅಮಾವಾಸ್ಯೆ ಬೇಡ, ದಶಮಿ ಸಾಕು

ನಮಸ್ಕಾರ, ತೀರ್ಥಹಳ್ಳಿಯಿಂದ. ಈಗ ಪರದೆ ಮೇಲೆ ಕಾಣುತ್ತಿರುವುದು ನಮ್ಮ ಮನೆಯ ಪಂಚಾಂಗ, ಪಕ್ಕದಲ್ಲಿ ನೀರೊಳಗೆ ಬಳಸುವ ಟಾರ್ಚ್. ಡಿಸೆಂಬರ್‌ನಲ್ಲಿ ಅಂಡಮಾನ್‌ಗೆ ಹೋಗಿ ರಾತ್ರಿ ಹೊತ್ತು ಸ್ಕೂಬಾ ಡೈವ್ ಮಾಡಬೇಕು, ತಾವೇ ಬೆಳಕು ಬಿಡುವ ಕಡಲ ಜೀವಿಗಳ ನಡುವೆ ಇಳಿದು ನೋಡಬೇಕು ಅನ್ನುವುದು ನನ್ನ ಬಹಳ ಹಳೆಯ ಆಸೆ. ಇವತ್ತು ತೋರಿಸುವುದು ಅದರ ತಯಾರಿ. ಕಡಲು ಇದರಲ್ಲಿ ಕಾಣುವುದಿಲ್ಲ.

ಬೆಳಕು ಬಿಡುವ ಜೀವ ಮಲೆನಾಡಿನವರಿಗೆ ಹೊಸತಲ್ಲ, ಅಲ್ವಾ? ಮಳೆಗಾಲ ಹಿಡಿಯುವ ಮುಂಚೆ, ಮೇ ಕೊನೆ ಜೂನ್ ಮೊದಲಲ್ಲಿ, ಮಿಂಚುಹುಳಗಳು ಇಡೀ ಮರ ತುಂಬಿ ಒಟ್ಟಿಗೆ ಹೊತ್ತಿ ಒಟ್ಟಿಗೆ ಆರುವುದನ್ನು ಜಗುಲಿಯಲ್ಲಿ ಕೂತು ನೋಡುತ್ತಾ ಬೆಳೆದವರು ನಾವು. ಮಳೆ ಜೋರಾದ ಮೇಲೆ ಘಟ್ಟದ ಕಾಡಲ್ಲಿ ಕೊಳೆತ ಕಟ್ಟಿಗೆ ಮೇಲೆ ಹಸಿರಾಗಿ ಹೊಳೆಯುವ ಅಣಬೆಯೂ ಇದೆ. ಕಡಲಲ್ಲಿ ನಡೆಯುವುದೂ ಹೆಚ್ಚುಕಡಿಮೆ ಇದೇ. ಲೂಸಿಫೆರಿನ್ ಅನ್ನುವ ವಸ್ತು ಆಮ್ಲಜನಕದ ಜೊತೆ ಸೇರುತ್ತದೆ, ಲೂಸಿಫೆರೇಸ್ ಅನ್ನುವ ಕಿಣ್ವ ಆ ಕೆಲಸ ಮಾಡಿಸುತ್ತದೆ, ಬಿಸಿಯೇ ಇಲ್ಲ ಅನ್ನುವಷ್ಟು ತಣ್ಣಗಿನ ಬೆಳಕು ಬರುತ್ತದೆ. ಮಿಂಚುಹುಳದ ಲೂಸಿಫೆರಿನ್ ಬೇರೆ, ಕಡಲ ಜೀವಿಗಳದ್ದು ಬೇರೆ. ಬಣ್ಣವೂ ಬೇರೆ. ಹುಳದ್ದು ಹಳದಿ ಹಸಿರು, ಕಡಲಲ್ಲಿ ಹೆಚ್ಚಿನವು ನೀಲಿ, ಯಾಕೆಂದರೆ ನೀರಲ್ಲಿ ದೂರ ಹೋಗುವುದು ನೀಲಿ ಬೆಳಕೇ. ಇನ್ನೊಂದು ವಿಷಯ ಓದಿ ನನಗೆ ಮೈ ಜುಮ್ ಅಂದಿತ್ತು. ಕ್ಯಾಲಿಫೋರ್ನಿಯಾ ಕಡೆಯ ಕಡಲಲ್ಲಿ ಮೇಲಿನಿಂದ ಆಳದವರೆಗೆ ವರ್ಷಗಟ್ಟಲೆ ಕ್ಯಾಮೆರಾ ಇಳಿಸಿ ನೋಡಿದ ವಿಜ್ಞಾನಿಗಳು 2017ರಲ್ಲಿ ಲೆಕ್ಕ ಕೊಟ್ಟರು: ಕಂಡ ಜೀವಿಗಳಲ್ಲಿ ನೂರಕ್ಕೆ 76 ಬೆಳಕು ಬಿಡಬಲ್ಲವು. ನೆಲದ ಮೇಲೆ ಅಪರೂಪ ಅನಿಸುವುದು ಅಲ್ಲಿ ದಿನನಿತ್ಯದ ವ್ಯವಹಾರ.

ಹಾಗಂತ ಮೂತಿ ಮೇಲೆ ದೀಪ ಹೊತ್ತ ಮೀನು ಕಾಣುತ್ತದೆ ಅಂತ ಕಾಯಬೇಡಿ. ಅವು ತುಂಬಾ ಆಳದಲ್ಲಿರುವಂಥವು, ನಾವು ಇಳಿಯುವುದು ಎಂಟು ಹತ್ತು ಮೀಟರ್. ಅಲ್ಲಿ ನಮಗೆ ಸಿಗುವುದು ಮುಖ್ಯವಾಗಿ ಪ್ಲಾಂಕ್ಟನ್, ಅಂದರೆ ನೀರು ಹೋದತ್ತ ತೇಲುವ ಜೀವಿಗಳು, ಅದರಲ್ಲೂ ಡೈನೋಫ್ಲಾಜೆಲೇಟ್ ಅನ್ನುವ ಒಂದೇ ಕೋಶದವು. ಕೈ ಆಡಿಸಿದರೆ ನೀರು ಸರಿಯುತ್ತದೆ, ಸರಿದ ನೀರು ಆ ಕೋಶವನ್ನು ಒತ್ತುತ್ತದೆ, ಒಳಗೆ ಕ್ಷಣದಲ್ಲಿ ಆಮ್ಲದ ಮಟ್ಟ ಬದಲಾಗಿ ಬೆಳಕು ಹೊತ್ತಿ ಆರುತ್ತದೆ. ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಹೊತ್ತು, ಅಷ್ಟೇ. ಯಾಕೆ ಹೀಗೆ ಅನ್ನುವುದಕ್ಕೆ ಒಂದು ವಿವರಣೆ ನನಗೆ ತುಂಬಾ ಇಷ್ಟ. ತನ್ನನ್ನು ತಿನ್ನಲು ಬಂದ ಪುಟ್ಟ ಸಿಗಡಿಯಂಥ ಜೀವಿಯ ಮೇಲೆ ಇದು ಬೆಳಕು ಬೀಳಿಸುತ್ತದೆ, ಆ ಬೆಳಕು ನೋಡಿ ಇನ್ನೂ ದೊಡ್ಡದೊಂದು ಬಂದು ಅದನ್ನು ತಿಂದುಹಾಕುತ್ತದೆ. ಕಣ್ಣು, ಮಿದುಳು ಒಂದೂ ಇಲ್ಲದ ಒಂಟಿ ಕೋಶದ ಕೆಲಸ ಇದು!

ಅಷ್ಟು ದೂರ ಯಾಕೆ, ಘಟ್ಟದ ಕೆಳಗೇ ಇದೆಯಲ್ಲ ಅಂತ ಕೇಳುವವರಿದ್ದಾರೆ. ಇದೆ. 2020ರ ಕೊನೆಯಲ್ಲಿ ಮಲ್ಪೆ, ಪಡುಕೆರೆ ಕಡೆ ಅಲೆಗಳು ನೀಲಿಯಾಗಿ ಹೊಳೆದದ್ದು ಎಲ್ಲರ ಮೊಬೈಲ್‌ಗೂ ಬಂದಿತ್ತು. ಅದು ನಾಕ್ಟಿಲೂಕಾ ಅನ್ನುವ ಒಂದು ಡೈನೋಫ್ಲಾಜೆಲೇಟ್. ದಡದಲ್ಲಿ ನಿಂತು ನೋಡಲು ಬಹಳ ಚಂದ. ಆದರೆ ಅದು ರಾಶಿ ರಾಶಿ ಬೆಳೆದ ನೀರು ಮಬ್ಬಾಗಿರುತ್ತದೆ, ಅದರೊಳಗಿನ ಅಮೋನಿಯಾ ಮೀನಿಗೂ ಒಳ್ಳೆಯದಲ್ಲ. ಅಂಥ ನೀರಿಗೆ ರಾತ್ರಿ ಇಳಿಯಲು ನನಗೆ ಮನಸ್ಸಿಲ್ಲ. ನನಗೆ ಬೇಕಿರುವುದು ತಿಳಿ ನೀರು.

ಈಗ ಪಂಚಾಂಗಕ್ಕೆ ಬರೋಣ. ಬೆಳಗುವ ಕಡಲು ನೋಡಲು ಅಮಾವಾಸ್ಯೆಗೆ ಹೋಗಿ ಅಂತ ಎಲ್ಲರೂ ಹೇಳುತ್ತಾರೆ, ಬೆಳದಿಂಗಳು ಇರುವುದಿಲ್ಲವಲ್ಲ. ದಡದಲ್ಲಿ ನಿಲ್ಲುವವರಿಗೆ ಸರಿ. ಡೈವ್ ಮಾಡುವವರು ಇನ್ನೊಂದನ್ನೂ ನೋಡಬೇಕು. ಅಮಾವಾಸ್ಯೆ, ಹುಣ್ಣಿಮೆಗೆ ಸೂರ್ಯ ಚಂದ್ರ ಒಂದೇ ಸಾಲಿನಲ್ಲಿ ಎಳೆಯುತ್ತಾರೆ, ಉಬ್ಬರ ಇಳಿತ ಜಾಸ್ತಿ, ನೀರಿನ ಸೆಳೆತವೂ ಜಾಸ್ತಿ. ಕತ್ತಲಲ್ಲಿ, ಸೆಳೆತದಲ್ಲಿ, ಜೊತೆಗಾರನಿಂದ ದೂರ ಸರಿಯುವುದು ಬೇಡವೇ ಬೇಡ. ಅಷ್ಟಮಿಗೆ ಅವರಿಬ್ಬರೂ ಅಡ್ಡಡ್ಡ ಎಳೆಯುವುದರಿಂದ ಉಬ್ಬರ ಇಳಿತ ಕಡಿಮೆ, ಒಂದೆರಡು ದಿನ ಬಿಟ್ಟು ತೀರಾ ಕಡಿಮೆ. ಇನ್ನು ಕತ್ತಲಿನ ವಿಷಯ. ಬಹುಳ ಅಷ್ಟಮಿ ಕಳೆದ ಮೇಲೆ ಚಂದ್ರ ಹುಟ್ಟುವುದೇ ನಡುರಾತ್ರಿ ಹೊತ್ತಿಗೆ. ನಮ್ಮ ಡೈವ್ ಏಳು ಗಂಟೆಗೆಲ್ಲಾ ಮುಗಿದಿರುತ್ತದೆ, ಅಂಡಮಾನ್ ಪೂರ್ವಕ್ಕೆ ಅಷ್ಟು ದೂರ ಇರುವುದರಿಂದ ಡಿಸೆಂಬರ್‌ನಲ್ಲಿ ಸಂಜೆ ಐದರ ಸುಮಾರಿಗೇ ಸೂರ್ಯ ಮುಳುಗುತ್ತಾನೆ. ಹಾಗಾಗಿ ಬಹುಳ ದಶಮಿ. ಪೂರ್ತಿ ಕತ್ತಲೂ ಸಿಗುತ್ತದೆ, ನೀರೂ ಸುಮ್ಮನಿರುತ್ತದೆ.

ಇದರಿಂದ ಮನೆಯಲ್ಲೂ ಒಂದು ದೊಡ್ಡ ಕೆಲಸ ಸುಲಭವಾಯಿತು. "ಅಮಾಸೆ ರಾತ್ರಿ ಕಡಲಿಗೆ ಇಳಿಯೋದಾ? ಬೇಡ ಮಾರಾಯ" ಅಂತ ಅಮ್ಮ ಮೊದಲೇ ಹೇಳಿದ್ದರು. ದಶಮಿ ಅಂದ ಮೇಲೆ ಅವರೇ ಕನ್ನಡಕ ಹಾಕಿಕೊಂಡು ಪುಟ ತಿರುವಿ ನೋಡಿ, "ದಶಮಿ ಅಡ್ಡಿಲ್ಲ, ಹೋಗ್ ಬಾ" ಅಂದರು.

ಟಾರ್ಚ್ ಬಗ್ಗೆ ಸ್ವಲ್ಪ ಹೇಳಲೇಬೇಕು. ಒಂದು ಕೈಯಲ್ಲಿ, ಇನ್ನೊಂದು ಜೇಬಲ್ಲಿ, ಜೊತೆಗೆ ಬೆನ್ನ ಸಿಲಿಂಡರ್‌ಗೆ ಕಟ್ಟುವ ಪುಟ್ಟ ದೀಪ. ಸನ್ನೆಗಳೆಲ್ಲ ಟಾರ್ಚ್‌ನಲ್ಲೇ. ಕಡಲ ತಳದ ಮೇಲೆ ಬೆಳಕಿನಿಂದ ನಿಧಾನವಾಗಿ ವೃತ್ತ ಬರೆದರೆ ಎಲ್ಲ ಸರಿ ಅಂತ, ಬೆಳಕನ್ನು ಜೋರಾಗಿ ಅತ್ತಿತ್ತ ಬೀಸಿದರೆ ಅಪಾಯ ಅಂತ. ಯಾರ ಮುಖಕ್ಕೂ ಬೆಳಕು ಬಿಡಬಾರದು, ಕತ್ತಲಿಗೆ ಕಣ್ಣು ಹೊಂದಿಕೊಳ್ಳಲು ಇಪ್ಪತ್ತು ಮೂವತ್ತು ನಿಮಿಷ ಬೇಕು, ಒಂದು ಸಲ ಬೆಳಕು ಬಡಿದರೆ ಅಷ್ಟೂ ಹೋಯಿತು. ಬೆಳಗುವ ಜೀವಿಗಳನ್ನು ನೋಡುವ ಹೊತ್ತಿಗೆ ಮರಳಿನ ಮೇಲೆ ಎಲ್ಲರೂ ಹತ್ತಿರ ಸೇರಿ ಟಾರ್ಚ್ ಅನ್ನು ಎದೆಗೆ ಒತ್ತಿಕೊಳ್ಳುತ್ತಾರೆ. ಆರಿಸುವುದಕ್ಕಿಂತ ಇದೇ ಒಳ್ಳೆಯದು, ಬೇಕೆಂದಾಗ ಬೆಳಕು ಅಲ್ಲೇ ಇರುತ್ತದೆ. ಇಂಟರ್ನೆಟ್‌ನಲ್ಲಿ ಗುಲಾಬಿ, ಹಸಿರು ಬಣ್ಣದಲ್ಲಿ ಹೊಳೆಯುವ ಹವಳದ ಫೋಟೋ ನೋಡಿರುತ್ತೀರಿ, ಅದು ಬೇರೆ. ನೀಲಿ ಟಾರ್ಚ್ ಬಿಟ್ಟರೆ ಹವಳ ಆ ಬೆಳಕನ್ನು ಹೀರಿ ಬೇರೆ ಬಣ್ಣದಲ್ಲಿ ಹೊರಗೆ ಬಿಡುತ್ತದೆ, ಟಾರ್ಚ್ ಆರಿಸಿದರೆ ಅದೂ ಆರುತ್ತದೆ.

ಅಭ್ಯಾಸ ನಡೆದಿರುವುದು ಮನೆಯಲ್ಲೇ. ಈ ಮಳೆಗಾಲದಲ್ಲಿ ಕರೆಂಟ್ ಹೋದಾಗೆಲ್ಲ ಗೆಳೆಯನಿಂದ ತಂದ ಡೈವ್ ಜಾಕೆಟ್, ಅಂದರೆ ನೀರಲ್ಲಿ ತೇಲಲು ಇಳಿಯಲು ಗಾಳಿ ತುಂಬಿ ಬಿಡುವ ಅಂಗಿ, ಹಾಕಿಕೊಂಡು ಜಗುಲಿಯಲ್ಲಿ ಕೂರುತ್ತಿದ್ದೆ. ಎಡಗೈಗೆ ಸಿಗುವ ಕೊಳವೆಯ ತುದಿಯಲ್ಲಿ ಎರಡು ಗುಂಡಿ. ಒಂದು ಜಾಕೆಟ್‌ಗೆ ಗಾಳಿ ತುಂಬುವುದು, ಇನ್ನೊಂದು ಬಿಡುವುದು. ತುಂಬುವುದು ಪಕ್ಕದಲ್ಲಿ, ಹೆಬ್ಬೆರಳಿಗೆ. ಬಿಡುವುದು ತುದಿಯಲ್ಲಿ, ತೋರುಬೆರಳಿಗೆ. ಹಗಲಲ್ಲಿ ಇದು ದೊಡ್ಡ ವಿಷಯವೇ ಅಲ್ಲ. ಕತ್ತಲಲ್ಲಿ ಬೆರಳಿಗೇ ಗೊತ್ತಿರಬೇಕು, ಯೋಚನೆ ಮಾಡಿ ಹುಡುಕುವ ಹಾಗಿರಬಾರದು.

ಮುಂದಿನ ಹೆಜ್ಜೆ ನೇತ್ರಾಣಿ ದ್ವೀಪ. ನವೆಂಬರ್‌ನಲ್ಲಿ ಮುರ್ಡೇಶ್ವರದಿಂದ ದೋಣಿಯಲ್ಲಿ ಹೋಗಿ ಹಗಲು ಡೈವ್ ಮಾಡಿ ಕೈ ಪಳಗಿಸಿಕೊಳ್ಳುವುದು. ಅಲ್ಲಿ ಸರ್ಟಿಫಿಕೇಟ್ ಇಲ್ಲದವರನ್ನೂ ಇನ್‌ಸ್ಟ್ರಕ್ಟರ್ ಜೊತೆಗೇ ಇದ್ದು ಇಳಿಸುತ್ತಾರೆ, ಆದರೆ ಅಷ್ಟರ ಮೇಲೆ ರಾತ್ರಿ ಡೈವ್‌ಗೆ ಹೋಗಬೇಡಿ, ಕೋರ್ಸ್ ಮುಗಿಸಿಯೇ ಹೋಗಿ. ಘಟ್ಟದ ಮೇಲಿನವರಿಗೆ ಇನ್ನೊಂದು ಮಾತು, ಇದನ್ನು ದಯವಿಟ್ಟು ಗಮನವಿಟ್ಟು ಕೇಳಿ. ಡೈವ್ ಮುಗಿಸಿ, ಊಟ ಮಾಡಿ, ಸೀದಾ ಕಾರು ಹತ್ತಿ ಘಾಟಿ ಏರಿ ರಾತ್ರಿಯೇ ಮನೆ ಸೇರೋಣ ಅನಿಸುತ್ತದೆ. ಬೇಡ. ನೀರೊಳಗೆ ಉಸಿರಾಡಿದ ಗಾಳಿಯ ಸಾರಜನಕ ಇನ್ನೂ ಮೈಯಲ್ಲೇ ಇರುತ್ತದೆ, ಮೇಲೆ ಹೋದಷ್ಟೂ ಗಾಳಿಯ ಒತ್ತಡ ಕಡಿಮೆ, ಅದು ಗುಳ್ಳೆಯಾಗಿ ಕೀಲುಗಳನ್ನೋ ನರಗಳನ್ನೋ ಹಿಡಿಯಬಹುದು. ಮಳೆಗಾಲದಲ್ಲಿ ಪೇಪರ್ ತೆಗೆದರೆ ಲಿಂಗನಮಕ್ಕಿ ಜಲಾಶಯದ ಗರಿಷ್ಠ ಮಟ್ಟ 1819 ಅಡಿ ಅಂತ ಓದುತ್ತೇವಲ್ಲ, ಅದು ಸಮುದ್ರ ಮಟ್ಟದಿಂದ ಅಳೆದದ್ದು. ಆಗುಂಬೆ ಎರಡು ಸಾವಿರ ಅಡಿ ದಾಟುತ್ತದೆ. ಡೈವ್ ಆದ ಮೇಲೆ ವಿಮಾನ ಹತ್ತುವ ಮುಂಚೆ ಇಷ್ಟು ಹೊತ್ತು ಕಾಯಬೇಕು ಅನ್ನುವ ಲೆಕ್ಕ ಶುರುವಾಗುವುದೇ ಎರಡು ಸಾವಿರ ಅಡಿ ಎತ್ತರದಿಂದ: ಒಂದೇ ಡೈವ್ ಆದರೆ ಕನಿಷ್ಠ 12 ಗಂಟೆ, ಜಾಸ್ತಿ ಮಾಡಿದ್ದರೆ 18. ಅದಕ್ಕೇ ಆ ರಾತ್ರಿ ನಾನು ಮುರ್ಡೇಶ್ವರದಲ್ಲೇ ಉಳಿಯುತ್ತೇನೆ, ಮಾರನೇ ದಿನ ಮಧ್ಯಾಹ್ನ ಘಟ್ಟ ಹತ್ತುತ್ತೇನೆ.

ಅಂಡಮಾನ್ ಟಿಕೆಟ್ ತೆಗೆದಿರುವುದೂ ಇದೇ ಲೆಕ್ಕದಲ್ಲಿ. ಬೆಂಗಳೂರಿಂದ ವಿಮಾನ, ಅಲ್ಲಿಂದ ಹಡಗಿನಲ್ಲಿ ಸ್ವರಾಜ್ ದ್ವೀಪ, ಅಂದರೆ ಹಿಂದಿನ ಹ್ಯಾವ್‌ಲಾಕ್. ನವಮಿ ದಿನ ಅದೇ ಜಾಗದಲ್ಲಿ ಹಗಲು ಡೈವ್, ಎಲ್ಲಿ ಬಂಡೆ, ಎಲ್ಲಿ ಮರಳು ಅಂತ ನೋಡಿಟ್ಟುಕೊಳ್ಳಲು. ದಶಮಿಗೆ ರಾತ್ರಿ ಡೈವ್. ಅವತ್ತು ಗಾಳಿ ಎದ್ದರೆ ಏಕಾದಶಿಗೆ. ದ್ವಾದಶಿ ಪೂರ್ತಿ ದಡದಲ್ಲೇ, ವಾಪಸ್ ವಿಮಾನ ತ್ರಯೋದಶಿಗೆ. ಒಂದು ದಿನದ ರೂಮ್ ಬಾಡಿಗೆ ಜಾಸ್ತಿ ಬೀಳುತ್ತದೆ, ಬೀಳಲಿ.